ಜೇನುಪೆಟ್ಟಿಗೆಯ ನುಸಿ: ಅದರ ಬದುಕು, ಎಣಿಕೆ ಮತ್ತು ಹತೋಟಿ

ಕೋಲಾರ, ಚಿಕ್ಕಬಳ್ಳಾಪುರ ಮತ್ತು ತುಮಕೂರು ಜಿಲ್ಲೆಗಳಲ್ಲಿ ಇಂದು ಎರಡು ಜಾತಿಯ ಜೇನುನೊಣಗಳನ್ನು ಪೆಟ್ಟಿಗೆಯಲ್ಲಿ ಸಾಕಲಾಗುತ್ತಿದೆ. ಒಂದು ಇಲ್ಲಿಯದೇ ಆದ ತುಡುವೆ. ಇನ್ನೊಂದು ಮೆಲ್ಲಿಫೆರಾ ಎಂದು ಎಲ್ಲರೂ ಕರೆಯುವ ಯುರೋಪಿನ ಜೇನು. 1960ರ ದಶಕದಲ್ಲಿ ಇಂದಿನ ಹಿಮಾಚಲ ಪ್ರದೇಶದ ನಗ್ರೋಟಾದಲ್ಲಿ ನೆಲೆಗೊಂಡು ಅಲ್ಲಿಂದ ದೇಶದ ಉಳಿದ ಭಾಗಗಳಿಗೆ ಹಬ್ಬಿದ ನೊಣ ಇದು. ಎರಡಕ್ಕೂ ನುಸಿ ಹತ್ತುತ್ತದೆ, ಆದರೆ ಅದು ಎರಡರಲ್ಲೂ ಒಂದೇ ರೀತಿ ಬದುಕುವುದಿಲ್ಲ. ಈ ವ್ಯತ್ಯಾಸವನ್ನು ತಿಳಿಯದೆ ಪಕ್ಕದ ತೋಟದವರು ಹಾಕಿದರೆಂದು ನಾವೂ ಮದ್ದು ಹಾಕಿದರೆ ಹಣವೂ ಹೋಗುತ್ತದೆ, ನೊಣವೂ ಬಳಲುತ್ತದೆ, ನುಸಿ ಮಾತ್ರ ಉಳಿದುಕೊಳ್ಳುತ್ತದೆ. ಯಾವ ದಿನ ನುಸಿ ಎಲ್ಲಿರುತ್ತದೆ ಎಂಬುದನ್ನು ಮೊದಲು ಅರಿಯಬೇಕು, ನಂತರ ಎಣಿಸಬೇಕು, ಮದ್ದು ಆಮೇಲಿನ ಮಾತು. ಈ ಬರಹವೂ ಅದೇ ಕ್ರಮದಲ್ಲಿ ಸಾಗುತ್ತದೆ.

ಯಾವ ನೊಣಕ್ಕೆ ಯಾವ ನುಸಿ

ಮುಖ್ಯವಾದದ್ದು ವರೋವಾ. ಹೆಣ್ಣು ನುಸಿ ಕೆಂಪು ಮಿಶ್ರಿತ ಕಂದು ಬಣ್ಣದ್ದು, ಚಪ್ಪಟೆಯಾದದ್ದು. ಉದ್ದ ಸುಮಾರು 1.1 ಮಿ.ಮೀ., ಅಗಲ ಅದಕ್ಕಿಂತ ಹೆಚ್ಚು, ಸುಮಾರು 1.6 ಮಿ.ಮೀ. ಉದ್ದಕ್ಕಿಂತ ಅಗಲವೇ ಹೆಚ್ಚಿರುವ ಈ ಆಕಾರದಿಂದ ಅದನ್ನು ಬರಿಗಣ್ಣಿನಲ್ಲೇ ಗುರುತಿಸಬಹುದು. 1904ರಲ್ಲಿ ಜಾವಾದ ತುಡುವೆ ಜೇನಿನ ಮೇಲೆ ಸಿಕ್ಕಿದ ನುಸಿಗೆ ಔಡೆಮಾನ್ಸ್ ಎಂಬ ವಿಜ್ಞಾನಿ ವರೋವಾ ಜೇಕಬ್‌ಸೋನಿ ಎಂದು ಹೆಸರಿಟ್ಟರು. ಮೆಲ್ಲಿಫೆರಾವನ್ನು ಕಾಡುತ್ತಿರುವುದು ಬೇರೆಯೇ ಪ್ರಭೇದವೆಂದು 2000ದಲ್ಲಿ ಆಂಡರ್ಸನ್ ಮತ್ತು ಟ್ರೂಮನ್ ತೋರಿಸಿಕೊಟ್ಟರು. ಆಗ ಅದಕ್ಕೆ ವರೋವಾ ಡಿಸ್ಟ್ರಕ್ಟರ್ ಎಂಬ ಹೆಸರು ಬಂತು. ಈ ಎರಡನೆಯದಕ್ಕೂ ಮೂಲ ಆಸರೆ ತುಡುವೆಯೇ. ಏಷ್ಯಾದಲ್ಲಿ ಮನುಷ್ಯರು ಮೆಲ್ಲಿಫೆರಾ ಪೆಟ್ಟಿಗೆಗಳನ್ನು ತುಡುವೆಯ ಪಕ್ಕದಲ್ಲಿ ತಂದಿಟ್ಟ ಮೇಲೆ ಅದು ಹೊಸ ನೊಣಕ್ಕೆ ದಾಟಿಕೊಂಡಿತು.

ಎರಡನೆಯದು ಟ್ರೋಪಿಲೇಲಾಪ್ಸ್. ಇದರ ಮೂಲ ಆಸರೆ ಹೆಜ್ಜೇನು. ನಮ್ಮ ಊರುಗಳಲ್ಲಿ ಓವರ್‌ಹೆಡ್ ಟ್ಯಾಂಕುಗಳ ಅಡಿಯಲ್ಲಿ, ದೊಡ್ಡ ಆಲ, ಅರಳಿ ಮರಗಳಲ್ಲಿ, ಬಂಡೆಗಳ ಚಾಚಿನಲ್ಲಿ ಹೆಜ್ಜೇನು ಕಟ್ಟುವುದರಿಂದ ಮೆಲ್ಲಿಫೆರಾ ಸಾಕುವವರು ಇದನ್ನು ಮರೆಯುವಂತಿಲ್ಲ. ಇದು ವರೋವಾಕ್ಕಿಂತ ಕಿರಿದು, ಉದ್ದನೆಯ ದೇಹದ್ದು, ತಿಳಿ ಕಂದು ಬಣ್ಣದ್ದು, ಎರಿಯ, ಅಂದರೆ ನೊಣ ಕಟ್ಟುವ ಮೇಣದ ಹಲಗೆಯ, ಮೇಲೆ ಸರಸರನೆ ಓಡುವಂಥದ್ದು.

ಉಳಿದವುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಕೋಲುಜೇನಿನ ಮೇಲೆ ಯೂವರೋವಾ ಎಂಬ ನುಸಿ ಇದೆ, ಅದರಿಂದ ಪೆಟ್ಟಿಗೆಗೆ ಅಪಾಯವಿಲ್ಲ. ಶ್ವಾಸನಾಳದೊಳಗೆ ಬದುಕುವ ಅಕರಾಪಿಸ್ ನುಸಿಯನ್ನು ಸೂಕ್ಷ್ಮದರ್ಶಕವಿಲ್ಲದೆ ಕಾಣಲಾಗದು. ಹಾರಲಾಗದೆ ನೆಲದಲ್ಲಿ ತೆವಳುವ ನೊಣಗಳು ಕಂಡು, ಎಣಿಕೆಯಲ್ಲಿ ವರೋವಾ ಸಿಗದಿದ್ದರೆ, ಅಂಥ ನೊಣಗಳನ್ನು ಸ್ಪಿರಿಟ್‌ನಲ್ಲಿ ಹಾಕಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ (ಜಿ.ಕೆ.ವಿ.ಕೆ.) ಜೇನು ಕೃಷಿ ವಿಭಾಗಕ್ಕೋ ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋರಿಸುವುದು ಸರಿ. ಅಡಿಹಲಗೆಯ ಕಸದಲ್ಲಿ ಮೆಲ್ಲಗೆ ಚಲಿಸುವ ಬಿಳಿಯ ಸಣ್ಣ ನುಸಿಗಳು ಬಿದ್ದ ಪರಾಗವನ್ನು ತಿಂದು ಬದುಕುವವು, ಅವುಗಳಿಂದ ನೊಣಕ್ಕೆ ತೊಂದರೆಯಿಲ್ಲ. ತಿಪಟೂರು, ಗುಬ್ಬಿ ಕಡೆಯವರಿಗೆ ಇನ್ನೊಂದು ಮಾತು: ತೆಂಗಿನ ಕಾಯಿಯ ಮೇಲೆ ಕಲೆ ಬರಿಸುವ ನುಸಿ ಸಂಪೂರ್ಣ ಬೇರೆ ಜೀವಿ. ಅದಕ್ಕೆಂದು ತಂದಿಟ್ಟ ಯಾವ ಔಷಧವನ್ನೂ ಜೇನುಪೆಟ್ಟಿಗೆಯ ಹತ್ತಿರ ತರಬಾರದು.

ಮುಚ್ಚಿದ ಕಣದೊಳಗೆ ನಡೆಯುವುದು

ವರೋವಾದ ಬದುಕಿನಲ್ಲಿ ಎರಡು ಹಂತಗಳಿವೆ. ಮೊದಲ ಹಂತದಲ್ಲಿ ಹೆಣ್ಣು ನುಸಿ ಬೆಳೆದ ನೊಣದ ಮೇಲಿರುತ್ತದೆ. ಹೊಟ್ಟೆಯ ಅಡಿಭಾಗದಲ್ಲಿ ಒಂದರ ಮೇಲೊಂದು ಬಂದಿರುವ ಪಟ್ಟಿಗಳ ನಡುವೆ ತೂರಿಕೊಂಡು ಕೊಬ್ಬಿನ ಅಂಗಾಂಶವನ್ನು ತಿನ್ನುತ್ತದೆ. ನುಸಿ ನೊಣದ ರಕ್ತ ಹೀರುತ್ತದೆ ಎಂದೇ ಬಹುಕಾಲ ನಂಬಲಾಗಿತ್ತು. ಅದರ ಮುಖ್ಯ ಆಹಾರ ಕೊಬ್ಬಿನ ಅಂಗಾಂಶವೆಂದು 2019ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ನೊಣದ ರೋಗನಿರೋಧಕ ಶಕ್ತಿ, ಆಹಾರದ ಸಂಗ್ರಹ, ವಿಷವನ್ನು ಅರಗಿಸಿಕೊಳ್ಳುವ ಶಕ್ತಿ ಇವೆಲ್ಲವೂ ಆ ಅಂಗಾಂಶದ ಕೆಲಸವಾದ್ದರಿಂದ, ನುಸಿ ಹತ್ತಿದ ನೊಣ ನೋಡಲು ಚೆನ್ನಾಗಿದ್ದರೂ ಒಳಗೆ ಸೊರಗಿರುತ್ತದೆ.

ಎರಡನೆಯ ಹಂತವೇ ಸಂತಾನದ್ದು, ಮತ್ತು ಅದು ಮೇಣದ ಮುಚ್ಚಳದ ಒಳಗೆ ಮಾತ್ರ ನಡೆಯುತ್ತದೆ. ಕೆಲಸಗಾರ ನೊಣದ ಮರಿಹುಳು ಇರುವ ಕಣವನ್ನು ಮುಚ್ಚುವುದಕ್ಕೆ ಇನ್ನು 15ರಿಂದ 20 ಗಂಟೆ ಇರುವಾಗ, ಗಂಡು ನೊಣದ ಕಣವಾದರೆ ಇನ್ನೂ ಒಂದು ದಿನ ಮೊದಲೇ, ತಾಯಿ ನುಸಿ ಒಳಗೆ ಇಳಿದು ಮರಿಹುಳುವಿನ ಅಡಿಯಲ್ಲಿರುವ ದ್ರವ ಆಹಾರದಲ್ಲಿ ಮುಳುಗಿ ಅಡಗಿಕೊಳ್ಳುತ್ತದೆ. ಉಸಿರಾಡಲು ಒಂದು ಕಿರುನಳಿಕೆಯನ್ನು ಮಾತ್ರ ಮೇಲಕ್ಕೆ ಚಾಚಿರುತ್ತದೆ. ಕಣ ಮುಚ್ಚಿದ ಮೇಲೆ ಮರಿಹುಳು ಆ ಆಹಾರವನ್ನು ತಿಂದು ಮುಗಿಸುತ್ತದೆ, ನುಸಿ ಬಿಡುಗಡೆಯಾಗುತ್ತದೆ. ಮುಚ್ಚಿದ ಸುಮಾರು 60ರಿಂದ 70 ಗಂಟೆಗಳ ನಂತರ ಅದು ಮೊದಲ ಮೊಟ್ಟೆಯಿಡುತ್ತದೆ, ಅದು ಗಂಡು. ಮುಂದೆ ಸುಮಾರು 30 ಗಂಟೆಗೊಂದರಂತೆ ಇಡುವುದೆಲ್ಲ ಹೆಣ್ಣು. ತಾಯಿ ನುಸಿ ಪ್ಯೂಪಾದ, ಅಂದರೆ ನೊಣವಾಗಿ ಮಾರ್ಪಡುತ್ತಿರುವ ಮರಿಯ, ಮೈಯಲ್ಲಿ ಒಂದು ಗಾಯ ಮಾಡಿ ಅದನ್ನು ತೆರೆದಿಟ್ಟುಕೊಳ್ಳುತ್ತದೆ, ಸ್ವಂತವಾಗಿ ಚರ್ಮ ಸೀಳಲಾರದ ಮರಿನುಸಿಗಳು ಅಲ್ಲಿಂದಲೇ ಉಣ್ಣುತ್ತವೆ. ಅಣ್ಣತಂಗಿಯರ ನಡುವೆ ಕಣದೊಳಗೇ ಕೂಡಿಕೆ ನಡೆಯುತ್ತದೆ. ನೊಣ ಹೊರಬಂದಾಗ ತಾಯಿಯೂ ಬಲಿತ ಹೆಣ್ಣುಗಳೂ ಅದರೊಂದಿಗೆ ಬರುತ್ತವೆ. ಗಂಡು ನುಸಿಯೂ ಬಲಿಯದ ಹೆಣ್ಣುಗಳೂ ಅಲ್ಲೇ ಸಾಯುತ್ತವೆ.

ಇಲ್ಲಿ ಕಾಲದ ಲೆಕ್ಕವೇ ಎಲ್ಲವನ್ನೂ ನಿರ್ಧರಿಸುತ್ತದೆ. ಮೆಲ್ಲಿಫೆರಾ ಕೆಲಸಗಾರ ನೊಣ ಮುಚ್ಚಳದೊಳಗೆ ಇರುವುದು ಸುಮಾರು 12 ದಿನ. ಅಷ್ಟರಲ್ಲಿ ಒಂದು ತಾಯಿಗೆ ಒಂದೂವರೆಗೂ ಕಡಿಮೆ ಹೆಣ್ಣುಗಳು ಸರಾಸರಿಯಲ್ಲಿ ಬಲಿಯುತ್ತವೆ. ಗಂಡು ನೊಣದ ಮರಿ 14 ದಿನಕ್ಕೂ ಹೆಚ್ಚು ಮುಚ್ಚಳದೊಳಗಿರುವುದರಿಂದ ಅಲ್ಲಿ ಎರಡಕ್ಕಿಂತ ಹೆಚ್ಚು ಬಲಿಯುತ್ತವೆ. ನುಸಿ ಗಂಡು ಮರಿಯನ್ನು ಎಂಟು ಹತ್ತು ಪಟ್ಟು ಹೆಚ್ಚಾಗಿ ಹುಡುಕಿಕೊಂಡು ಹೋಗುತ್ತದೆ. ಮರಿ ತುಂಬಿರುವ ಕಾಲದಲ್ಲಿ ಪೆಟ್ಟಿಗೆಯ ಒಟ್ಟು ನುಸಿಯ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಮುಚ್ಚಳದ ಒಳಗೇ ಇರುತ್ತದೆ, ಅಂದರೆ ನಾವು ನೊಣದ ಮೇಲೆ ಕಾಣುವುದು ಚಿಕ್ಕ ಪಾಲು ಮಾತ್ರ.

ಈ ಚಟುವಟಿಕೆಯ ಗುರುತನ್ನು ಕಣ್ಣಾರೆ ನೋಡಬಹುದು. ಮರಿ ಹೊರಬಂದು ಬರಿದಾದ ಕಣಗಳಿರುವ ಎರಿಯನ್ನು ಬೆಳಗಿನ ಬಿಸಿಲಿಗೆ ಬೆನ್ನು ಮಾಡಿ ಹಿಡಿದು, ಕಣಗಳ ಮೇಲ್ಗೋಡೆ ಕಾಣುವಂತೆ ಚೌಕಟ್ಟನ್ನು ಓರೆ ಮಾಡಿದರೆ, ಅಲ್ಲಿ ಸುಣ್ಣದ ಚುಕ್ಕೆಯಂತೆ ಬಿಳಿಯ ಕಣಗಟ್ಟಿದ ಗುರುತು ಕಾಣುತ್ತದೆ. ಅದು ನುಸಿಯ ಹಿಕ್ಕೆ. ನುಸಿ ತನ್ನ ಮಲವನ್ನು ಕಣದ ಗೋಡೆಯ ಒಂದೇ ಜಾಗದಲ್ಲಿ ಹಾಕುತ್ತದೆ. ನುಸಿಯೇ ಕಣ್ಣಿಗೆ ಬೀಳದ ಪೆಟ್ಟಿಗೆಯಲ್ಲೂ ಈ ಚುಕ್ಕೆಗಳು ಹಲವು ಕಣಗಳಲ್ಲಿ ಕಂಡರೆ ಎಣಿಕೆಗೆ ತಡಮಾಡಬಾರದು.

ನುಸಿ ತಿನ್ನುವುದಕ್ಕಿಂತ ಹೆಚ್ಚಿನ ಹಾನಿಯಾಗುವುದು ಅದು ಒಯ್ಯುವ ವೈರಸ್‌ಗಳಿಂದ. ರೆಕ್ಕೆ ಮುರುಟಿದ, ಹೊಟ್ಟೆ ಮೊಟಕಾದ ಎಳೆಯ ನೊಣಗಳು ಬಾಗಿಲ ಮುಂದೆ ತೆವಳುವುದು ಇಂಥ ಒಂದು ವೈರಸ್‌ನ ಗುರುತು, ಮತ್ತು ಅದು ಕಾಣುವ ಹೊತ್ತಿಗೆ ನುಸಿ ಬಹಳ ಮುಂದುವರಿದಿರುತ್ತದೆ.

ಟ್ರೋಪಿಲೇಲಾಪ್ಸ್‌ನ ಲೆಕ್ಕ ಇದಕ್ಕಿಂತ ಅವಸರದ್ದು. ಅದರ ಬಾಯಿಗೆ ಬೆಳೆದ ನೊಣದ ಗಟ್ಟಿ ಚರ್ಮವನ್ನು ಸೀಳುವ ಶಕ್ತಿಯಿಲ್ಲ, ಆದ್ದರಿಂದ ನೊಣದ ಮೇಲೆ ಒಂದೆರಡು ದಿನ ಮಾತ್ರ ಇದ್ದು ಮತ್ತೆ ಕಣಕ್ಕೆ ಇಳಿಯುತ್ತದೆ. ಹೀಗಾಗಿ ಅದೇ ಅವಧಿಯಲ್ಲಿ ವರೋವಾಕ್ಕಿಂತ ಹೆಚ್ಚು ತಲೆಮಾರು ಬೆಳೆಸುತ್ತದೆ, ಆದರೆ ಮರಿಯೇ ಇಲ್ಲದ ಪೆಟ್ಟಿಗೆಯಲ್ಲಿ ಕೆಲವೇ ದಿನಗಳಲ್ಲಿ ಸಾಯುತ್ತದೆ. ಹೆಜ್ಜೇನು ಋತುವಿಗೊಮ್ಮೆ ಎರಿ ಬಿಟ್ಟು ಎದ್ದು ಹೋಗುವಾಗ ತನ್ನ ನುಸಿಯ ಬಹುಪಾಲನ್ನು ಹೀಗೆಯೇ ಕಳೆದುಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ವರ್ಷವಿಡೀ ಮರಿ ಬೆಳೆಸುವ ಮೆಲ್ಲಿಫೆರಾಕ್ಕೆ ಆ ಬಿಡುವು ಸಿಗುವುದಿಲ್ಲ.

ತುಡುವೆಯನ್ನು ಅದರ ಪಾಡಿಗೆ ಬಿಡಬೇಕು

ತುಡುವೆ ಈ ನುಸಿಯೊಂದಿಗೆ ಬಹುಕಾಲದಿಂದ ಬಾಳಿ ಬಂದಿದೆ. ಮೈಮೇಲೆ ಹತ್ತಿದ ನುಸಿಯನ್ನು ತಾನೇ ಉಜ್ಜಿ ತೆಗೆಯುತ್ತದೆ, ಜೊತೆಯ ನೊಣಗಳೂ ಬಂದು ಕಚ್ಚಿ ತೆಗೆಯುತ್ತವೆ. ಕೆಲಸಗಾರ ಮರಿಯ ಕಣದಲ್ಲಿ ನುಸಿ ಇರುವುದನ್ನು ಮೂಸಿ ಅರಿತು, ಮುಚ್ಚಳ ತೆರೆದು ಮರಿಯನ್ನೇ ಎಳೆದು ಹಾಕುತ್ತದೆ. ಆದ್ದರಿಂದ ತುಡುವೆಯಲ್ಲಿ ನುಸಿಯ ಸಂತಾನ ಬಹುಮಟ್ಟಿಗೆ ಗಂಡು ಮರಿಯಲ್ಲಿ ಮಾತ್ರ ನಡೆಯುತ್ತದೆ, ಗಂಡು ಮರಿಯಾದರೋ ಕುಟುಂಬ ಪಾಲಾಗುವ ಕಾಲದಲ್ಲಿ ಮಾತ್ರ ಹೆಚ್ಚಿರುತ್ತದೆ. ಒಂದೇ ಕಣಕ್ಕೆ ಹಲವು ನುಸಿಗಳು ಹೊಕ್ಕು ಗಂಡು ಮರಿ ಸತ್ತರೆ, ಅದರ ಗಟ್ಟಿಯಾದ ಮುಚ್ಚಳವನ್ನು ಕೆಲಸಗಾರ ನೊಣಗಳು ತೆರೆಯುವುದಿಲ್ಲ, ಒಳಗಿನ ನುಸಿಗಳೂ ಅದರೊಂದಿಗೇ ಸಾಯುತ್ತವೆ.

ಈ ಕಾರಣದಿಂದ ತುಡುವೆ ಪೆಟ್ಟಿಗೆಗೆ ನುಸಿಯ ಮದ್ದು ಹಾಕುವುದನ್ನು ನಾನು ಖಂಡಿತವಾಗಿ ಬೇಡವೆನ್ನುತ್ತೇನೆ. ಆಮ್ಲದ ಹಬೆಗೆ ತುಡುವೆ ಪೆಟ್ಟಿಗೆ ಬಿಟ್ಟು ಎದ್ದು ಹೋಗುವ ಸಂಭವವೇ ಹೆಚ್ಚು. ತುಡುವೆಯ ಮರಿಗಳು ನೀರು ತುಂಬಿದ ಚೀಲದಂತಾಗಿ ಕಣದಲ್ಲೇ ಸತ್ತಿದ್ದರೆ ಅದು ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ. 1990ರ ದಶಕದ ಆರಂಭದಲ್ಲಿ ದಕ್ಷಿಣ ಭಾರತದ ತುಡುವೆ ಸಾಕಣೆಯನ್ನು ನೆಲಕಚ್ಚಿಸಿದ್ದು ಅದೇ. ನುಸಿಯ ಮದ್ದಿನಿಂದ ಅದಕ್ಕೆ ಏನೂ ಆಗದು. ಮುಂದಿನದೆಲ್ಲ ಮೆಲ್ಲಿಫೆರಾ ಪೆಟ್ಟಿಗೆಯ ಮಾತು.

ನಮ್ಮ ಜಿಲ್ಲೆಗಳ ಹೂವು ಮತ್ತು ನುಸಿಯ ಕಾಲ

ಚಳಿದೇಶಗಳಲ್ಲಿ ರಾಣಿ ಕೆಲವು ತಿಂಗಳು ಮೊಟ್ಟೆ ನಿಲ್ಲಿಸುವುದರಿಂದ ನುಸಿಗೂ ತಡೆ ಬೀಳುತ್ತದೆ. ನಮ್ಮ ಬಯಲುಸೀಮೆಯಲ್ಲಿ ಹಾಗಿಲ್ಲ. ತೆಂಗು ವರ್ಷವಿಡೀ ಹೊಂಬಾಳೆ ಬಿಡುವುದರಿಂದ ತಿಪಟೂರು ಕಡೆಯ ತೋಟಗಳಲ್ಲಿ ಪರಾಗಕ್ಕೆ ಕೊರತೆಯೇ ಇಲ್ಲ. ಪರಾಗ ಬರುತ್ತಿದ್ದರೆ ರಾಣಿ ಮೊಟ್ಟೆ ನಿಲ್ಲಿಸುವುದಿಲ್ಲ. ಅಕ್ಟೋಬರ್ ಹೊತ್ತಿಗೆ ಹುಚ್ಚೆಳ್ಳು, ವರ್ಷದ ಆರಂಭದಲ್ಲಿ ಶ್ರೀನಿವಾಸಪುರದ ಮಾವು, ಬೇಸಿಗೆಯಲ್ಲಿ ಹೊಂಗೆ, ಬೇವು, ಅದರ ಬೆನ್ನಿಗೆ ಹುಣಸೆ, ನಡುನಡುವೆ ಸೂರ್ಯಕಾಂತಿ ಮತ್ತು ನೀಲಗಿರಿ ಹೀಗೆ ಒಂದಲ್ಲ ಒಂದು ಹೂವು ಇರುತ್ತದೆ. ರೈತರಿಗೆ ಇದು ಸಂತೋಷದ ವಿಷಯ, ನುಸಿಗೂ ಅಷ್ಟೇ ಅನುಕೂಲ. ಮರಿ ಬೆಳೆಯುವ ಕಾಲದಲ್ಲಿ ನುಸಿ ಸುಮಾರು ತಿಂಗಳಿಗೊಮ್ಮೆ ಇಮ್ಮಡಿಯಾಗಬಲ್ಲದು. ಹೊಂಗೆಯ ಕಾಲದಲ್ಲಿ ಜೋರಾಗಿ ಬೆಳೆದ ಕುಟುಂಬ ಹುಣಸೆ ಹೂವು ಮುಗಿದು ಮಳೆ ಹಿಡಿದಾಗ ಕುಗ್ಗುತ್ತದೆ, ನೊಣ ಕಡಿಮೆಯಾಗುತ್ತದೆ, ನುಸಿ ಕಡಿಮೆಯಾಗುವುದಿಲ್ಲ; ಇರುವ ಕೆಲವೇ ಮರಿಗಳ ಮೇಲೆ ಎಲ್ಲ ನುಸಿಯೂ ಬೀಳುತ್ತದೆ. ಆದ್ದರಿಂದ ಕೊನೆಯ ಜೇನು ತೆಗೆದ ಜೂನ್ ತಿಂಗಳಿನಲ್ಲಿ ಒಮ್ಮೆ, ಹುಚ್ಚೆಳ್ಳಿಗೆ ಮುಂಚೆ ಆಗಸ್ಟ್ ಕೊನೆಗೆ ಒಮ್ಮೆ ಮತ್ತು ಜನವರಿಯಲ್ಲಿ ಒಮ್ಮೆ ಎಣಿಕೆ ಮಾಡಲೇಬೇಕು.

ಎಣಿಸುವ ಬಗೆ

ಸಕ್ಕರೆ ಪುಡಿಯ ವಿಧಾನದಲ್ಲಿ ನೊಣ ಸಾಯುವುದಿಲ್ಲ, ಖರ್ಚೂ ಇಲ್ಲ. ಅಗಲ ಬಾಯಿಯ ಬಾಟಲಿಯೊಂದರ ಮುಚ್ಚಳದ ನಡುಭಾಗ ಕತ್ತರಿಸಿ, ನುಸಿ ಬೀಳುವಷ್ಟು ಆದರೆ ನೊಣ ದಾಟದಷ್ಟು ಕಿಂಡಿಯ, ಅಂದರೆ ಸುಮಾರು ಎರಡೂವರೆ ಮಿ.ಮೀ. ಜಾಲರಿಯನ್ನು ಕೂರಿಸಬೇಕು. ಮಿಕ್ಸಿಯಲ್ಲಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದ ಸಕ್ಕರೆ ಸಾಕು. ಮುಚ್ಚದ ಮರಿಯಿರುವ ಎರಿಯನ್ನು ತೆಗೆದು, ರಾಣಿ ಅದರ ಮೇಲಿಲ್ಲವೆಂದು ಎರಡೂ ಬದಿ ನೋಡಿ ಖಚಿತ ಮಾಡಿಕೊಂಡ ಮೇಲೆ, ನೊಣಗಳನ್ನು ಬುಟ್ಟಿಗೆ ಒದರಿ, ಅರ್ಧ ಕಪ್ಪಿನಷ್ಟು, ಎಂದರೆ ಸುಮಾರು 120 ಮಿ.ಲೀ. ಅಳತೆಯ ನೊಣಗಳನ್ನು ಬಾಟಲಿಗೆ ಹಾಕಬೇಕು. ಮೆಲ್ಲಿಫೆರಾ ಆದರೆ ಅಲ್ಲಿ ಸುಮಾರು 300 ನೊಣಗಳಿರುತ್ತವೆ.

ಎರಡು ಚಮಚ ಸಕ್ಕರೆ ಪುಡಿಯನ್ನು ಜಾಲರಿಯ ಮೂಲಕ ಸುರಿದು, ಬಾಟಲಿಯನ್ನು ಅಡ್ಡ ಹಿಡಿದು ಒಂದು ನಿಮಿಷ ಮೆಲ್ಲಗೆ ಉರುಳಿಸಿ, ಎರಡು ಮೂರು ನಿಮಿಷ ನೆರಳಿನಲ್ಲಿ ಇಡಬೇಕು. ಪುಡಿ ಮೆತ್ತಿದ ನುಸಿಯ ಕಾಲಿನ ಹಿಡಿತ ತಪ್ಪುತ್ತದೆ, ನೊಣವೂ ಮೈ ಬಿಸಿಯಾಗಿ ತನ್ನನ್ನು ತಾನೇ ಉಜ್ಜಿಕೊಳ್ಳುತ್ತದೆ. ಆಮೇಲೆ ಬಾಟಲಿಯನ್ನು ಬೋರಲು ಹಿಡಿದು ಬಿಳಿ ತಟ್ಟೆಯ ಮೇಲೆ ಇನ್ನು ಏನೂ ಬೀಳುವುದಿಲ್ಲ ಎನ್ನುವವರೆಗೆ ಜಾಡಿಸಬೇಕು. ತಟ್ಟೆಗೆ ಸ್ವಲ್ಪ ನೀರು ಹಾಕಿದರೆ ಸಕ್ಕರೆ ಕರಗಿ ಕೆಂಗಂದು ನುಸಿಗಳು ಸ್ಪಷ್ಟವಾಗಿ ಉಳಿಯುತ್ತವೆ. ಎಣಿಸಿದ ಸಂಖ್ಯೆಯನ್ನು ಮೂರರಿಂದ ಭಾಗಿಸಿದರೆ ನೂರು ನೊಣಕ್ಕೆ ಎಷ್ಟು ಎಂಬುದು ಬರುತ್ತದೆ. ನೊಣಗಳನ್ನು ಪೆಟ್ಟಿಗೆಗೇ ಸುರಿದರೆ ಉಳಿದವು ಅವನ್ನು ನೆಕ್ಕಿ ಶುಚಿಮಾಡುತ್ತವೆ. ಮಳೆ ಬಂದ ದಿನ, ನೊಣದ ಮೈ ತೇವವಿರುವಾಗ ಸಕ್ಕರೆ ಮುದ್ದೆಯಾಗಿ ಲೆಕ್ಕ ತಪ್ಪುತ್ತದೆ.

ನೂರಕ್ಕೆ ಒಂದಕ್ಕಿಂತ ಕಡಿಮೆಯಿದ್ದರೆ ಏನೂ ಮಾಡಬೇಕಾಗಿಲ್ಲ, ತಿಂಗಳು ಬಿಟ್ಟು ಮತ್ತೆ ನೋಡಿದರಾಯಿತು. ಮೂರು ಮುಟ್ಟಿದರೆ ಕಾಯಬಾರದು. ಪೆಟ್ಟಿಗೆಯಲ್ಲಿ ಮುಚ್ಚಿದ ಮರಿ ಇಲ್ಲದಾಗ ಎಲ್ಲ ನುಸಿಯೂ ನೊಣದ ಮೇಲೆಯೇ ಇರುತ್ತದೆ ಎಂಬುದನ್ನು ಈ ಸಂಖ್ಯೆ ಓದುವಾಗ ಮರೆಯಬಾರದು.

ಟ್ರೋಪಿಲೇಲಾಪ್ಸ್ ಈ ಎಣಿಕೆಗೆ ಸಿಗುವುದು ಅಪರೂಪ. ಅದಕ್ಕೆ ಮುಚ್ಚಿದ ಮರಿಯಿರುವ ಚೌಕಟ್ಟಿನ ನೊಣಗಳನ್ನು ಒದರಿ, ಅಗಲವಾದ ಬಿಳಿ ಟ್ರೇಯ ಅಂಚಿಗೆ ಚೌಕಟ್ಟಿನ ಒಂದು ಕಡೆಯನ್ನು ಗಟ್ಟಿಯಾಗಿ ಕುಟ್ಟಬೇಕು, ತಿರುಗಿಸಿ ಮತ್ತೆ ಕುಟ್ಟಬೇಕು. ಬಿದ್ದ ತಕ್ಷಣ ಓಡಲು ತೊಡಗುವ ಉದ್ದನೆಯ ನುಸಿಗಳು ಕಂಡರೆ ಅದೇ.

ಮದ್ದಿಲ್ಲದ ಹತೋಟಿ

ಗಂಡು ಮರಿಯ ಮೇಲೆ ನುಸಿಗಿರುವ ಒಲವನ್ನೇ ಬಳಸಿಕೊಳ್ಳಬಹುದು. ಕುಟುಂಬ ಬೆಳೆಯುತ್ತಿರುವ ಕಾಲದಲ್ಲಿ ಮರಿಕೋಣೆಯ ಅಂಚಿಗೆ ಮೇಣದ ಹಾಳೆಯಿಲ್ಲದ ಖಾಲಿ ಚೌಕಟ್ಟನ್ನು ಕೊಟ್ಟರೆ ನೊಣಗಳು ಅಲ್ಲಿ ಗಂಡು ಕಣಗಳನ್ನು ಕಟ್ಟುತ್ತವೆ. ಮೊಟ್ಟೆಯಿಟ್ಟ ಹತ್ತನೆಯ ದಿನದ ಹೊತ್ತಿಗೆ ಅವು ಮುಚ್ಚುತ್ತವೆ, 24ನೆಯ ದಿನ ಗಂಡು ನೊಣ ಹೊರಬರುತ್ತದೆ. ಈ ನಡುವೆ ಆ ಎರಿಯನ್ನು ಕೊಯ್ದು ಕೋಳಿಗಳಿಗೆ ಹಾಕಿದರೆ ಬಹಳಷ್ಟು ನುಸಿ ಒಂದೇ ಏಟಿಗೆ ಹೋಗುತ್ತದೆ. ಚೌಕಟ್ಟು ಕೊಟ್ಟ ದಿನಾಂಕವನ್ನು ಪೆಟ್ಟಿಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯಬೇಕು, ಏಕೆಂದರೆ ಕೊಯ್ಯಲು ತಡವಾದ ಎರಿ ನುಸಿಯ ನರ್ಸರಿಯೇ ಆಗುತ್ತದೆ.

ಇದಕ್ಕಿಂತ ಬಲವಾದದ್ದು ಮರಿಯನ್ನೇ ನಿಲ್ಲಿಸುವುದು. ಜೂನ್ ಜುಲೈನ ಮಕರಂದದ ಬರಗಾಲದಲ್ಲಿ ಹೇಗೂ ಜೇನು ಬರುವುದಿಲ್ಲವಾದ್ದರಿಂದ, ರಾಣಿಯನ್ನು ಪಂಜರದಲ್ಲಿ 24 ದಿನ ಇರಿಸಿದರೆ ಅಷ್ಟರಲ್ಲಿ ಎಲ್ಲ ಮರಿಯೂ ಹೊರಬಂದಿರುತ್ತದೆ. ಟ್ರೋಪಿಲೇಲಾಪ್ಸ್ ಇದರಿಂದಲೇ ಬಹುಮಟ್ಟಿಗೆ ನಾಶವಾಗುತ್ತದೆ. ವರೋವಾ ಸಾಯುವುದಿಲ್ಲ, ಆದರೆ ಅಡಗಲು ಜಾಗವಿಲ್ಲದೆ ಎಲ್ಲವೂ ನೊಣದ ಮೇಲೆ ಬಂದಿರುತ್ತದೆ. ಈ ಅವಧಿಯಲ್ಲಿ ಸಕ್ಕರೆ ಪಾಕ ಕೊಡಬೇಕು. ತೀರ ದುರ್ಬಲ ಕುಟುಂಬಕ್ಕೆ ಈ ಕ್ರಮ ಬೇಡ. ಅದನ್ನು ಮೊದಲು ಇನ್ನೊಂದರೊಂದಿಗೆ ಕೂಡಿಸುವುದೇ ಮೇಲು.

ಆಮ್ಲಗಳು

ಆಕ್ಸಾಲಿಕ್ ಆಮ್ಲ ಮೇಣದ ಮುಚ್ಚಳವನ್ನು ದಾಟುವುದಿಲ್ಲ. ಮರಿ ತುಂಬಿದ ಪೆಟ್ಟಿಗೆಗೆ ಅದನ್ನು ಹಾಕಿದರೆ ಮೂರನೇ ಎರಡು ಭಾಗದ ನುಸಿ ಸುರಕ್ಷಿತವಾಗಿ ಒಳಗಿರುತ್ತದೆ. ರಾಣಿಯನ್ನು ಬಿಡುಗಡೆ ಮಾಡಿದ ದಿನದ ಸಂಜೆಯೇ ಅದಕ್ಕೆ ಸರಿಯಾದ ಹೊತ್ತು. ಸಮಸಮ ಸಕ್ಕರೆ ಮತ್ತು ನೀರಿನಿಂದ ಮಾಡಿದ ಒಂದು ಲೀಟರ್ ಪಾಕಕ್ಕೆ 35 ಗ್ರಾಂ ಆಕ್ಸಾಲಿಕ್ ಆಮ್ಲದ ಹರಳು ಕರಗಿಸಿ, ನೊಣ ತುಂಬಿದ ಪ್ರತಿ ಎರಡು ಚೌಕಟ್ಟುಗಳ ನಡುವೆ 5 ಮಿ.ಲೀ. ಸಿರಿಂಜಿನಿಂದ ಹನಿಸಬೇಕು, ಒಂದು ಪೆಟ್ಟಿಗೆಗೆ 50 ಮಿ.ಲೀ. ಮೀರಬಾರದು, ಅದೇ ಕುಟುಂಬಕ್ಕೆ ಮತ್ತೆ ಮತ್ತೆ ಹನಿಸಬಾರದು.

ಫಾರ್ಮಿಕ್ ಆಮ್ಲದ ಹಬೆ ಮುಚ್ಚಳದೊಳಗೂ ಹೋಗುತ್ತದೆ, ಎರಡೂ ಬಗೆಯ ನುಸಿಗೆ ತಗಲುತ್ತದೆ. ನಮ್ಮಲ್ಲಿ ರೂಢಿಯಲ್ಲಿರುವ ಕ್ರಮವೆಂದರೆ 85 ಶೇಕಡಾ ಆಮ್ಲವನ್ನು ದಿನಕ್ಕೆ 5 ಮಿ.ಲೀ.ನಂತೆ ಹತ್ತಿಯ ಬತ್ತಿಯಿರುವ ಸಣ್ಣ ಗಾಜಿನ ಸೀಸೆಯಲ್ಲಿ ಅಡಿಹಲಗೆಯ ಮೇಲೆ ಎರಡು ವಾರ ಇಡುವುದು. ಹಗಲಿನ ಉಷ್ಣತೆ 30 ಡಿಗ್ರಿ ದಾಟಿದರೆ ಹಬೆ ಒಮ್ಮೆಗೇ ಎದ್ದು ರಾಣಿ ಸಾಯಬಹುದು. ಆದ್ದರಿಂದ ಮಾರ್ಚ್‌ನಿಂದ ಮೇ ವರೆಗೆ, ಅದರಲ್ಲೂ ಪಾವಗಡ, ಶಿರಾ ಕಡೆಯ ಬಿಸಿಲಿನಲ್ಲಿ ಇದನ್ನು ಮುಟ್ಟಬಾರದು. ಸುರಿಯುವಾಗ ರಬ್ಬರ್ ಕೈಗವಸು, ಕನ್ನಡಕ ಧರಿಸಿ, ಗಾಳಿಗೆ ಬೆನ್ನು ಮಾಡಿ ನಿಂತು, ಪಕ್ಕದಲ್ಲಿ ಒಂದು ಬಕೆಟ್ ನೀರು ಇಟ್ಟುಕೊಳ್ಳಬೇಕು. ಎರಡೂ ಆಮ್ಲಗಳನ್ನು ಜೇನುಕೋಣೆ ಇಳಿಸಿದ ಮೇಲೆಯೇ ಬಳಸಬೇಕು. ಟ್ರೋಪಿಲೇಲಾಪ್ಸ್‌ಗೆ ಚೌಕಟ್ಟಿನ ಮೇಲುಪಟ್ಟಿಗೆ ಗಂಧಕದ ಪುಡಿಯನ್ನು ಚೌಕಟ್ಟಿಗೆ 200 ಮಿಲಿಗ್ರಾಂನಂತೆ ಉದುರಿಸುವ ರೂಢಿಯೂ ಇದೆ. ದ್ರಾಕ್ಷಿಗೆ ಸಿಂಪಡಿಸಲೆಂದು ಬೇರೆ ಪದಾರ್ಥ ಬೆರೆಸಿ ಮಾರುವ ಗಂಧಕ ಇದಕ್ಕೆ ಆಗದು.

ಹೊಲಕ್ಕೆ ಹೊಡೆಯುವ ಫ್ಲುವಾಲಿನೇಟ್‌ನಂಥ ಕೀಟನಾಶಕದಲ್ಲಿ ಪಟ್ಟಿಯನ್ನು ಅದ್ದಿ ಪೆಟ್ಟಿಗೆಯಲ್ಲಿ ತೂಗುಹಾಕುವುದನ್ನು ಯಾರೂ ಮಾಡಬಾರದು. ಅದು ಮೇಣದಲ್ಲಿ ಉಳಿದುಕೊಳ್ಳುತ್ತದೆ, ನುಸಿಯೂ ಅದಕ್ಕೆ ಹೊಂದಿಕೊಂಡು ಸಾಯುವುದನ್ನು ನಿಲ್ಲಿಸುತ್ತದೆ. ಇದು ಹಲವು ದೇಶಗಳಲ್ಲಿ ಈಗಾಗಲೇ ಆಗಿದೆ. ಶಿಡ್ಲಘಟ್ಟ, ಚಿಂತಾಮಣಿ, ಕೋಲಾರದ ಮನೆಗಳಲ್ಲಿ ಇನ್ನೂ ಒಂದು ಅಪಾಯವಿದೆ: ಈ ಬಗೆಯ ವಿಷ ರೇಷ್ಮೆ ಹುಳುವಿಗೆ ಅತಿ ಸಣ್ಣ ಪ್ರಮಾಣದಲ್ಲೂ ಮಾರಕ. ಪೆಟ್ಟಿಗೆ ಮುಟ್ಟಿದ ಕೈಯಲ್ಲಿ ಸೊಪ್ಪು ಹಾಕಿದರೂ ಒಂದು ಬೆಳೆ ಹೋಗಬಹುದು. ಆಮ್ಲದ ಸೀಸೆಗಳನ್ನೂ ಹುಳು ಮನೆಯಲ್ಲಿ ಇಡಬಾರದು.

ಮದ್ದು ಮುಗಿದ ಎರಡು ಮೂರು ವಾರಗಳ ನಂತರ ಅದೇ ಪೆಟ್ಟಿಗೆಯಲ್ಲಿ ಮತ್ತೆ ಎಣಿಸಬೇಕು. ಸಂಖ್ಯೆ ಇಳಿಯದಿದ್ದರೆ ಮದ್ದಿನ ಪ್ರಮಾಣ ಹೆಚ್ಚಿಸುವ ಮೊದಲು ಸುತ್ತಲಿನ ಪೆಟ್ಟಿಗೆಗಳನ್ನು ನೋಡಬೇಕು, ಏಕೆಂದರೆ ನುಸಿಯಿಂದ ಸೊರಗಿದ ಕುಟುಂಬವನ್ನು ಬಲವಾದ ಕುಟುಂಬ ಲೂಟಿ ಮಾಡಿದಾಗ ಜೇನಿನೊಂದಿಗೆ ನುಸಿಯೂ ಬರುತ್ತದೆ. ಒಂದೇ ತೋಪಿನಲ್ಲಿ ಇಬ್ಬರು ಮೂವರು ಪೆಟ್ಟಿಗೆ ಇಟ್ಟಿದ್ದರೆ ಎಲ್ಲರೂ ಒಂದೇ ವಾರದಲ್ಲಿ ಎಣಿಸಿ ಒಂದೇ ವಾರದಲ್ಲಿ ಮದ್ದು ಮಾಡುವುದು ಅಗತ್ಯ. ಸೂರ್ಯಕಾಂತಿಗೆಂದು ಬೇರೆ ಜಿಲ್ಲೆಯಿಂದ ಬಂದ ಪೆಟ್ಟಿಗೆಗಳನ್ನು ಎಣಿಕೆಯಾಗುವವರೆಗೆ ನಮ್ಮವುಗಳಿಂದ ಸಾಧ್ಯವಾದಷ್ಟು ದೂರ ಇರಿಸಲು ಅವರೊಂದಿಗೆ ಮಾತನಾಡಿ ಒಪ್ಪಿಸಬೇಕು. ನುಸಿಯನ್ನು ಗುರುತಿಸುವುದರಲ್ಲಿ ಅನುಮಾನ ಉಳಿದರೆ ಕೋಲಾರದವರು ಟಮಕದ, ಚಿಕ್ಕಬಳ್ಳಾಪುರದವರು ಚಿಂತಾಮಣಿ ಬಳಿಯ ಕುರುಬೂರಿನ, ತುಮಕೂರಿನವರು ಹಿರೇಹಳ್ಳಿ ಅಥವಾ ಕೊನೇಹಳ್ಳಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ, ತಟ್ಟೆಯಲ್ಲಿ ಸಿಕ್ಕ ನುಸಿಗಳನ್ನು ಸ್ಪಿರಿಟ್ ಹಾಕಿದ ಸಣ್ಣ ಸೀಸೆಯಲ್ಲಿ, ಪೆಟ್ಟಿಗೆಯ ಸಂಖ್ಯೆ ಮತ್ತು ದಿನಾಂಕ ಬರೆದು, ಒಯ್ಯಬಹುದು.